ಬಲಗಡೆಯ ಪುಟ

ಎಡಗಡೆಯ ಪುಟದಲ್ಲಿ ಪದ್ಯ, ಅದರ ಕೆಳಗೆ ಅರ್ಥ. ಬಲಗಡೆಯ ಪುಟದಲ್ಲಿ ಟಿಪ್ಪಣಿ. ಪುಸ್ತಕ ಬಿಚ್ಚಿದರೆ ಎರಡೂ ಎದುರುಬದುರು ಕೂತಿರಬೇಕು. ಹೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ಹೋಗಿ ನನ್ನ ಕುತ್ತಿಗೆಯ ನರ ಹಿಡಿದುಕೊಂಡಿತ್ತು, ಬಲಗೈಯ ಕಿರುಬೆರಳು ಮರಗಟ್ಟಿತ್ತು. ಎಂಟರ್ ಒತ್ತುವುದು ಆ ಬೆರಳೇ.

ಚಿಕ್ಕಮ್ಮನ ಟೈಪಿಂಗ್ ಅಂಗಡಿ ಒಂದೇ ಕೋಣೆಯದು. ಬೀದಿ ಕಡೆ ಗಾಜಿನ ಬಾಗಿಲು, ಬಾಗಿಲ ಪಕ್ಕ ಜೆರಾಕ್ಸ್ ಮೆಷಿನ್ನು, ಗೋಡೆಗೆ ಮುಖಮಾಡಿ ಎರಡು ಕಂಪ್ಯೂಟರ್. ಗೋಡೆ ನೋಡಿಕೊಂಡು ಕೂರುವ ಕೆಲಸ ಸಿಕ್ಕಿದ್ದು ನನ್ನ ಪುಣ್ಯ. ಬಂದವರ ಮುಖ ನೋಡಿ ಮಾತಾಡುವ ಪ್ರಸಂಗವಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂತಿದ್ದ ನನ್ನನ್ನು ಚಿಕ್ಕಮ್ಮನೇ ಬಂದು ಕರೆತಂದದ್ದು. "ಇವಳಿಗೆ ಬಾಯಿ ಇಲ್ಲದಿದ್ರೆ ಹೋಗ್ಲಿ ಬಿಡಕ್ಕ, ಬೆರಳಿದೆಯಲ್ಲ, ನನಗೆ ಕೊಡು" ಎಂದು ಅಮ್ಮನಿಗೆ ಹೇಳಿದ್ದಳು. ಅವತ್ತಿನಿಂದ ಅವಳಿಗೆ ನಾನು ಗುಮ್ಮಿ. ಗುಮ್ಮನಗುಸಕಿ ಎಂದು ಪ್ರತಿಸಲ ಪೂರ್ತಿ ಕೂಗುವಷ್ಟು ತಾಳ್ಮೆ ಅವಳಿಗಿಲ್ಲ.

ಪುಸ್ತಕ ಮೇಷ್ಟ್ರದು ಮತ್ತು ಮೇಷ್ಟ್ರ ಅಕ್ಕನದು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಮನೆಯ ಮಹಡಿಯ ಮೇಲೆ ಇರುತ್ತಾರೆ, ಅಕ್ಕ ಕೆಳಗೆ. ಅವರ ಅಪ್ಪ ಹಾಡಿಕೊಳ್ಳುತ್ತಿದ್ದ ಒಂದು ಹಳೆಯ ಕಾವ್ಯವಿದೆ. ಒಬ್ಬ ದೋಣಿಯವನು ಜೀವಮಾನವೆಲ್ಲ ಜನರನ್ನು ಹೊಳೆ ದಾಟಿಸುತ್ತ ಹೇಳಿಕೊಂಡ ಪದ್ಯಗಳು. ಭಾಷೆ ಎಷ್ಟು ಹಳತೆಂದರೆ ಓದಿದರೆ ಅರ್ಧ ಗೊತ್ತಾಗುತ್ತದೆ, ಇನ್ನರ್ಧ ಗೊತ್ತಾದ ಹಾಗೆ ಅನ್ನಿಸುತ್ತದೆ. ಮೇಷ್ಟ್ರು ಪ್ರತಿ ಪದ್ಯಕ್ಕೂ ಈಗಿನ ಮಾತಿನಲ್ಲಿ ಅರ್ಥ ಬರೆದರು. ಅಪ್ಪನ ಕೊನೆಗಾಲದಲ್ಲಿ ಅವರ ಮಂಚದ ಪಕ್ಕ ಕೂತು ಪದ್ಯಗಳನ್ನೆಲ್ಲ ಹೇಳಿಸಿಕೊಂಡವರು ಅಕ್ಕ. ಟಿಪ್ಪಣಿ ಬರೆದವರು ಅವರು.

ಟಿಪ್ಪಣಿ ಪದ್ಯದ ಅಳತೆಗೆ ಬಗ್ಗುತ್ತಿರಲಿಲ್ಲ. ಪದ್ಯ ನಾಲ್ಕು ಸಾಲು, ಅರ್ಥ ಐದಾರು ಸಾಲು, ಟಿಪ್ಪಣಿ ಕೆಲವು ಕಡೆ ಪುಟ ತುಂಬಿ ಹೊರಗೆ ಚೆಲ್ಲುತ್ತಿತ್ತು. ಇದರಿಂದ ಪುಸ್ತಕ ದಪ್ಪವಾಗಿ, ಪ್ರಕಾಶಕರು ಇಷ್ಟು ಪುಟ ಆಗುವುದಿಲ್ಲ ಎಂದುಬಿಟ್ಟರು.

"ಮೂಗಿಗಿಂತ ಮೂಗುತಿ ಭಾರ ಆಗಿದೆ" ಎಂದರು ಮೇಷ್ಟ್ರು, ನನ್ನ ಕುರ್ಚಿಯ ಹಿಂದೆ ನಿಂತು. "ಟಿಪ್ಪಣಿ ಅಷ್ಟನ್ನೂ ಪುಸ್ತಕದ ಹಿಂದಕ್ಕೆ ಹಾಕು ಮಗು. ಸಣ್ಣ ಅಕ್ಷರದಲ್ಲಿ. ಬೇಕಾದವರು ತಿರುವಿ ನೋಡ್ಕೋತಾರೆ."

ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. "ಯಾರೂ ತಿರುವಲ್ಲ ಕಣೋ" ಎಂದರು. "ಬಂದ ನೆಂಟರನ್ನ ಹಿತ್ತಲಲ್ಲಿ ಕೂರಿಸಿ ಎಲೆ ಹಾಕಿದ ಹಾಗೆ. ಪದ್ಯದ ಎದುರಿಗೆ ಇದ್ದರೆ ಇರಲಿ. ಇಲ್ಲದಿದ್ರೆ ನನ್ನದು ಬೇಡವೇ ಬೇಡ."

"ಪ್ರಕಾಶಕರು ಕೇಳಬೇಕಲ್ಲ."

"ಪ್ರಕಾಶಕರು ಆಮೇಲೆ. ನೀನೇನು ಹೇಳ್ತೀಯ ಅದು ಹೇಳು. ಇಷ್ಟು ಬರೆದಿದೀನಿ, ಒಂದು ಸಲನಾದ್ರೂ ಕೂತು ಓದಿದೀಯಾ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಕೊನೆಗೆ ಒಂದು ತೀರ್ಮಾನವಾಯಿತು. ಎದುರುಬದುರು ಇಟ್ಟೇ ಕರಡು ತೆಗೆಯುವುದು. ಮೇಷ್ಟ್ರು ಎರಡೂ ಪುಟ ಪೂರ್ತಿ ಓದುವುದು. ಓದಿದ ಮೇಲೂ ಟಿಪ್ಪಣಿ ಹಿಂದಕ್ಕೆ ಹೋಗಬೇಕು ಅನ್ನಿಸಿದರೆ ಅಕ್ಕ ತುಟಿಪಿಟಕ್ಕೆನ್ನುವುದಿಲ್ಲ.

"ಓದಿ ಹೇಳಿದ್ರೆ ಒಪ್ಕೋತೀನಿ" ಎಂದು ಅಕ್ಕ ಎದ್ದು ಸೆರಗಿನಲ್ಲಿ ಕತ್ತು ಒರೆಸಿಕೊಂಡರು. "ಓದದೆ ಹೇಳಿದ್ರೆ ಮಾತ್ರ ನೋಡು."

ಅವರು ಹೋದ ಮೇಲೆ ಚಿಕ್ಕಮ್ಮ, "ಇಬ್ಬರ ಜಗಳದಲ್ಲಿ ನಮ್ಮ ಟೋನರ್ ಖಾಲಿ" ಎಂದಳು.

ನಮ್ಮ ಅಂಗಡಿಯಲ್ಲಿ ಪುಟ ಮಾಡುವ ಪದ್ಧತಿ ಒಂದಿದೆ. ಒಂದು ಪುಟ ಅರ್ಧಕ್ಕೇ ಮುಗಿದು ಮುಂದಿನದು ಹೊಸ ಪುಟದಲ್ಲಿ ಶುರುವಾಗಬೇಕಾದರೆ ಎಂಟರ್ ಒತ್ತುತ್ತ ಹೋಗುವುದು. ಕರ್ಸರ್ ಇಳಿದು ಇಳಿದು ಮುಂದಿನ ಪುಟದ ನೆತ್ತಿಗೆ ಬಂದಾಗ ಕೈ ತೆಗೆಯುವುದು. ಅರ್ಜಿಗೆ, ಬಾಡಿಗೆ ಕರಾರಿಗೆ ಇದು ಸಾಕು. ಇಡೀ ಪುಸ್ತಕಕ್ಕೆ ಇದನ್ನೇ ಮಾಡಿದರೆ ಇಸ್ಪೀಟೆಲೆಯಲ್ಲಿ ಮನೆ ಕಟ್ಟಿದಂತೆ. ಮುಂದೆ ಎಲ್ಲೋ ಒಂದು ಸಾಲು ಹೆಚ್ಚಿದರೆ ಅಲ್ಲಿಂದಾಚೆ ಎಲ್ಲವೂ ಒಂದು ಸಾಲು ಕೆಳಗೆ ಜಾರುತ್ತದೆ. ಮೇಷ್ಟ್ರು ಬೆಳಿಗ್ಗೆ ಒಂದು ಪದ ಸೇರಿಸಿದರೆ ನಾನು ಸಂಜೆಯವರೆಗೆ ಪುಟ ಪುಟಕ್ಕೂ ಹೋಗಿ ಖಾಲಿ ಸಾಲು ಅಳಿಸಬೇಕು. ಅಷ್ಟರಲ್ಲಿ ಅಕ್ಕ ಬಂದು ಎರಡು ಪದ ತೆಗೆದರೆ ಮತ್ತೆ ಹೋಗಿ ಖಾಲಿ ಸಾಲು ಹಾಕಬೇಕು. ಗಾಣದೆತ್ತಿಗಾದರೂ ಎಣ್ಣೆ ಬರುವುದು ಕಾಣುತ್ತದೆ.

ಪುಟ ಮುರಿಯುವುದಕ್ಕೆಂದೇ, ಅಂದರೆ ಮುಂದಿನದನ್ನು ಒಂದೇ ಸಲಕ್ಕೆ ಹೊಸ ಪುಟಕ್ಕೆ ಕಳಿಸಿ ಅಲ್ಲೇ ನಿಲ್ಲಿಸುವುದಕ್ಕೆಂದೇ, ಮೆನುವಿನಲ್ಲಿ ಒಂದು ಆಜ್ಞೆ ಇರುವುದನ್ನು ನಾನು ನೋಡಿದ್ದೆ. ಒಮ್ಮೆ ಮೆಲ್ಲಗೆ ಹೇಳಿಯೂ ಹೇಳಿದೆ.

"ನಡೆಯೋ ಗಾಡಿ ಚಕ್ರಕ್ಕೆ ಯಾಕೆ ಕೋಲು ಹಾಕ್ತೀಯ ಗುಮ್ಮಿ?" ಎಂದಳು ಚಿಕ್ಕಮ್ಮ. "ಇಷ್ಟು ವರ್ಷ ಎಂಟರಲ್ಲೇ ಅನ್ನ ತಿಂದಿಲ್ವಾ? ಎಲ್ಲಾ ಹಾಳಾದ್ರೆ ಯಾರು ಕೂತ್ಕೊಂಡು ಸರಿಮಾಡ್ತಾರೆ?"

ಸರಿಮಾಡುವವಳು ನಾನೇ. ಆದರೆ ಅದನ್ನು ಹೇಳಬೇಕಲ್ಲ. ಮತ್ತೆ ಎಂಟರ್ ಒತ್ತಿದೆ.

ಕರಡು ತೆಗೆಯುವ ದಿನ ಫೋನ್ ಬಂತು. ಚಿಕ್ಕಮ್ಮ ಅದನ್ನು ತಂದು ನನ್ನ ಕಿವಿಗೆ ಹಿಡಿದಳು. ಮೇಷ್ಟ್ರು. "ಮಗು, ಕಾಯುವ ಹೆಂಗಸಿನ ಪದ್ಯ ಇದೆಯಲ್ಲ, ಅದರ ಅರ್ಥಕ್ಕೆ ಒಂದು ವಾಕ್ಯ ಸೇರಿಸು. ಒಂದೇ ವಾಕ್ಯ. ನಾನು ಆಗಲೇ ಹೊರಟೆ." ಕರಡಿಗೆ ದೊಡ್ಡ ಅಕ್ಷರ, ಈ ಪದ್ಯಕ್ಕೆ ಅರ್ಥವೂ ಬೇರೆಯವಕ್ಕಿಂತ ಉದ್ದ, ಆ ಪುಟ ಮೊದಲೇ ಕಂಠಪೂರ್ತಿ ತುಂಬಿತ್ತು. ವಾಕ್ಯ ಸೇರಿಸಿ, ಅಭ್ಯಾಸಬಲದಿಂದ ಟಿಪ್ಪಣಿ ಹೊಸ ಪುಟದ ನೆತ್ತಿಗೆ ಬರುವವರೆಗೆ ಎಂಟರ್ ಒತ್ತಿದೆ. ಕೊನೆಯ ಒಂದು ಸಾಲು ಮುಂದಿನ ಪುಟಕ್ಕೆ ಇಳಿದಿರುವುದು ನಾನು ನೋಡುವಷ್ಟರಲ್ಲಿ, "ಪ್ರಿಂಟ್ ಕೊಟ್ಟುಬಿಡು, ಬಂದ್ರು ಬಂದ್ರು" ಎಂದು ಚಿಕ್ಕಮ್ಮನೇ ಮೌಸ್ ಹಿಡಿದು ಒತ್ತಿದಳು. ಎರಡು ಪ್ರತಿ ಬಂದವು. ಸುರುಳಿ ತಂತಿ ಹಾಕಿದ್ದೂ ಅವಳೇ. ಮೇಷ್ಟ್ರಿಗೊಂದು, ಅಕ್ಕನಿಗೊಂದು.

ಮೇಷ್ಟ್ರು ತಮ್ಮ ಪ್ರತಿಯನ್ನು ತಿದ್ದಿ ಬೇಗನೆ ವಾಪಸ್ಸು ಕಳಿಸಿದರು. ಅದು ನನ್ನ ಮೇಜಿನ ಮೇಲೆ ಬಂದು ಬಿದ್ದಿತ್ತು. ನಾನಿನ್ನೂ ಬಿಚ್ಚಿರಲಿಲ್ಲ, ಬಿಚ್ಚಿದರೆ ಕೆಲಸ. ಅದೇ ಮಧ್ಯಾಹ್ನ ಅಕ್ಕ ತಮ್ಮ ಪ್ರತಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಫ್ಯಾನಿನ ಕೆಳಗೆ ಸ್ಟೂಲು ಎಳೆದುಕೊಂಡು ಕೂತು, ಸ್ವಲ್ಪ ಹೊತ್ತು ಉಸಿರು ತಿರುಗಿಸಿಕೊಂಡರು.

"ಮಗೂ, ಇದೇನು ಮಾಡಿಟ್ಟಿದೀಯ? ತೂತು ಬಿದ್ದ ದೋಣಿ ಎದುರಿಗೆ ನನ್ನ ಕಾಯೋ ಹೆಂಗಸು ಬಂದು ಕೂತಿದ್ದಾಳೆ."

ನೋಡಿದೆ. ಕೆಳಗೆ ಇಳಿದ ಆ ಒಂದು ಸಾಲು ತನಗೇ ಒಂದು ಪುಟ ಹಿಡಿದುಕೊಂಡಿತ್ತು. ಅಲ್ಲಿಂದ ಮುಂದೆ ಟಿಪ್ಪಣಿಯೆಲ್ಲ ಎಡಕ್ಕೆ, ಪದ್ಯವೆಲ್ಲ ಬಲಕ್ಕೆ. ಬರೀ ಜಾಗ ಬದಲಾಗಿದ್ದರೆ ಹೋಗಲಿ, ಪ್ರತಿ ಟಿಪ್ಪಣಿಯ ಎದುರಿಗೂ ಅದರದ್ದಲ್ಲದ ಪದ್ಯ. ಹಸುಗೂಸನ್ನು ಹೊಳೆ ದಾಟಿಸುವ ಪದ್ಯದ ಎದುರಿಗೆ, ಡಾಂಬರು ಕಾಯಿಸಿ ದೋಣಿಯ ಒಳಮೈಗೆ ಹಚ್ಚುವುದು ಹೇಗೆ ಎಂಬ ವಿವರ. ಸಂತೆಗೆ ಹೋಗುವ ಕುರಿಗಳನ್ನು ದೋಣಿಗೆ ಹತ್ತಿಸುವ ಪದ್ಯದ ಎದುರಿಗೆ, "ಈ ಸಾಲಿಗೆ ಬಂದಾಗ ಅಪ್ಪ ಕನ್ನಡಕ ತೆಗೆದು ಗೋಡೆ ಕಡೆ ತಿರುಗುತ್ತಿದ್ದರು." ಕೊನೆಯ ಪುಟದವರೆಗೂ ಹೀಗೇ.

ಅಕ್ಕನಿಗೆ ಸಿಟ್ಟು ಬಂದಂತಿರಲಿಲ್ಲ. "ಕುರಿ ನೋಡಿ ಅಪ್ಪ ಅತ್ತರು ಅಂತ ಆಯ್ತು" ಎಂದು ಹೊಟ್ಟೆ ಅಲುಗುವ ಹಾಗೆ ಸದ್ದಿಲ್ಲದೆ ನಕ್ಕರು. "ಇರಲಿ ಬಿಡು, ಸರಿಮಾಡಿದ್ರಾಯ್ತು. ನಮ್ಮ ತಮ್ಮ ಇದನ್ನ ನೋಡಿ ಮೇಲೆ ಕೂಗಾಡ್ತಾನೆ ಅಂತ ಕಾದೆ. ಸದ್ದೇ ಇಲ್ಲ. ಅವನ ಪ್ರತಿ ಬಂತಾ?"

ನಾನು ಮೇಜಿನ ಮೇಲಿದ್ದದ್ದನ್ನು ಕೊಟ್ಟೆ.

ಅಕ್ಕ ಮೊದಲ ಪುಟದಿಂದ ತಿರುವಿದರು. ಮೇಷ್ಟ್ರ ಕೆಂಪು ಶಾಯಿ ಅರ್ಥದ ಪುಟಗಳಲ್ಲೆಲ್ಲ ಇರುವೆ ಸಾಲಿನ ಹಾಗೆ ಓಡಾಡಿತ್ತು. ಅಲ್ಪವಿರಾಮ ಬಿಟ್ಟಿರಲಿಲ್ಲ, ಅಕ್ಷರದ ನಡುವಿನ ಜಾಗ ಬಿಟ್ಟಿರಲಿಲ್ಲ. ಟಿಪ್ಪಣಿಯ ಪುಟಗಳಲ್ಲಿ ಕೆಳಗಿನ ಮೂಲೆಯಲ್ಲಿ ಒಂದು ಟಿಕ್ಕು, ಅಷ್ಟೆ. ಕಾಯುವ ಹೆಂಗಸು ತೂತು ದೋಣಿಯ ಎದುರಿಗೆ ಬಂದಲ್ಲಿಯೂ ಟಿಕ್ಕು. ಡಾಂಬರಿಗೂ ಟಿಕ್ಕು. ಕುರಿಗಳ ಎದುರು ಗೋಡೆ ಕಡೆ ತಿರುಗಿದ ಅಪ್ಪನಿಗೂ ಟಿಕ್ಕು. ಕೊನೆಯ ಹಾಳೆಯಲ್ಲಿ ದುಂಡಗೆ ಬರೆದಿದ್ದರು: "ಪೂರ್ತಿ ಓದಿದ್ದೇನೆ. ಟಿಪ್ಪಣಿ ಹಿಂದಕ್ಕೇ ಹೋಗಲಿ."

ಅಕ್ಕ ಆ ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿದರು. ಮುಚ್ಚಿ ನನ್ನ ಕೀಲಿಮಣೆಯ ಪಕ್ಕ ಇಟ್ಟರು.

"ತೆಗೆದುಬಿಡು ಮಗು" ಎಂದರು.

"ಏನಮ್ಮ?"

"ನನ್ನದು. ಹಿಂದಕ್ಕೂ ಬೇಡ, ಮುಂದಕ್ಕೂ ಬೇಡ. ಎಲ್ಲ ತೆಗೆದುಬಿಡು. ನನಗೆ ಸಾಕಾಗಿದೆ."

ಚಿಕ್ಕಮ್ಮ ಜೆರಾಕ್ಸ್ ಮೆಷಿನ್ನಿನ ಹತ್ತಿರದಿಂದಲೇ, "ಅಯ್ಯೋ ಯಾಕಮ್ಮಾ, ಕೂತು ಮಾತಾಡಿ ಸರಿಮಾಡ್ಕೊಳ್ಳಿ" ಎಂದಳು.

"ಮಾತಾಡೋಕೆ ಅವನು ಓದಿರಬೇಕಲ್ಲಮ್ಮ. ಜಗಳ ಆಡೋಕೂ ಓದಿರಬೇಕು. ಹಿತ್ತಲ ಗಿಡ ಮದ್ದಲ್ಲ ಅಂತ ಗೊತ್ತಿತ್ತು. ಗಿಡ ಇದೆ ಅನ್ನೋದೇ ಗೊತ್ತಿಲ್ಲ ಅವನಿಗೆ." ಅಕ್ಕ ಎದ್ದು, ಗಾಜಿನ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಹೋದರು. ತಮ್ಮ ಪ್ರತಿಯನ್ನು ಮರೆತರೋ ಬಿಟ್ಟರೋ, ಸ್ಟೂಲಿನ ಮೇಲೆ ಉಳಿಯಿತು.

ಮಾರನೆಯ ಬೆಳಿಗ್ಗೆ ನಾನು ತೆಗೆಯುವುದಕ್ಕೆ ಕೂತೆ. ಹೇಳಿದ ಕೆಲಸ ಮಾಡುವುದು ನನಗೆ ಗೊತ್ತು. ಬೇಡ ಅನ್ನುವುದು ಗೊತ್ತಿಲ್ಲ. ಒಂದೊಂದು ಟಿಪ್ಪಣಿಯನ್ನು ಅಳಿಸಿದಾಗಲೂ ಮುಂದಿನ ಪದ್ಯ ಮೇಲಕ್ಕೆ ನುಗ್ಗಿ ಬರುತ್ತಿತ್ತು, ಮತ್ತೆ ಎಂಟರ್ ಒತ್ತಿ ಅದನ್ನು ಕೆಳಕ್ಕೆ ದಬ್ಬುತ್ತಿದ್ದೆ. ಟೈಪ್ ಮಾಡುವಾಗ ಅಕ್ಷರ ಅಕ್ಷರವಾಗಿ ನೋಡಿದ್ದನ್ನು ಅಳಿಸುವಾಗ ಓದಿದೆ. ಗುರುತು ಮಾಡಿದ ಭಾಗ ಕಪ್ಪಾಗುತ್ತದೆ, ಅದರಲ್ಲಿ ಅಕ್ಷರ ಬೆಳ್ಳಗೆ ಕಾಣುತ್ತದೆ, ಓದದೆ ಇರುವುದಕ್ಕೆ ಆಗುವುದಿಲ್ಲ. ದಡ ಕಂಡ ಮೇಲೆ ಹುಟ್ಟು ಮೆಲ್ಲಗೆ ಹಾಕು ಎನ್ನುವ ಪದ್ಯಕ್ಕೆ ಅಕ್ಕ ಬರೆದಿದ್ದರು: "ದೋಣಿ ಒಡೆಯುವುದು ನಡುನೀರಿನಲ್ಲಲ್ಲ, ದಡಕ್ಕೆ ಬಡಿದು ಎನ್ನುತ್ತಿದ್ದರು ಅಪ್ಪ. ಹೇಳುವಾಗ ನನ್ನ ಕೈ ಹಿಡಿದುಕೊಂಡಿದ್ದರು. ಅವರಿಗೆ ಹೋಗುವ ಅವಸರವಿರಲಿಲ್ಲ." ಅದನ್ನು ಗುರುತು ಮಾಡಿಕೊಂಡು ಬೆರಳು ಎತ್ತಿ ಹಾಗೇ ಕೂತೆ.

ಅಷ್ಟರಲ್ಲಿ ಮೇಷ್ಟ್ರು ಬಂದರು.

"ಏನಮ್ಮ, ಎಲ್ಲಿಗೆ ಬಂತು?"

ಚಿಕ್ಕಮ್ಮನೇ ಉತ್ತರ ಕೊಟ್ಟಳು. "ನಿಮ್ಮ ಅಕ್ಕ ಅವರದನ್ನೆಲ್ಲ ತೆಗೆಯೋಕೆ ಹೇಳಿ ಹೋದ್ರು ಸಾರ್. ಪುಸ್ತಕ ತೆಳ್ಳಗಾಗುತ್ತೆ, ನಿಮಗೂ ನಿರಾಳ."

ಮೇಷ್ಟ್ರ ಮುಖದಲ್ಲಿ ಮೊದಲು ನಿರಾಳವೇ ಕಂಡಿತು. ನನ್ನ ಸ್ಕ್ರೀನಿನ ಕಪ್ಪು ಅಂಚಿನಲ್ಲಿ ಹಿಂದೆ ನಿಂತವರ ಮುಖ ಕಾಣುತ್ತದೆ. ಆಮೇಲೆ ಹುಬ್ಬು ಗಂಟಿಕ್ಕಿತು. "ಎಲ್ಲಾನೂ? ಹಿಂದಕ್ಕೆ ಹಾಕು ಅಂದಿದ್ದೆ ನಾನು. ತೆಗೆ ಅಂತ ಎಲ್ಲಿ ಅಂದೆ? ಏನಾಯ್ತಂತೆ ಅವಳಿಗೆ?"

ಚಿಕ್ಕಮ್ಮ ನನ್ನ ಕಡೆ ನೋಡಿ ಜೆರಾಕ್ಸಿಗೆ ಕಾಗದ ತುಂಬಲು ಬಗ್ಗಿದಳು. ಹೇಳುವುದು ನನ್ನ ಪಾಲಿಗೆ ಬಂತು. ಅವರ ಪ್ರತಿಯನ್ನು ತೆಗೆದು ಕುರಿಗಳ ಪದ್ಯ ಬಿಚ್ಚಿ ಕೈಗೆ ಕೊಟ್ಟೆ.

ಮೇಷ್ಟ್ರು ಬಲಗಡೆಯ ಪುಟ ನೋಡಿದರು. "ಸರಿ ಇದೆಯಲ್ಲ. ಅಲ್ಪವಿರಾಮ ಹಾಕಿದೀನಿ."

"ಎಡಗಡೆದು ನೋಡಿ ಸಾರ್" ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು. "ನಿಮ್ಮ ಅಕ್ಕನ ಟಿಪ್ಪಣಿ ಓದಿ. ಅದು ಈ ಪದ್ಯದ್ದಲ್ಲ. ಸಾಲು ಜಾರಿ ಎಲ್ಲ ತಪ್ಪಾಗಿ ಕೂತಿತ್ತು, ಕಾಯುವ ಹೆಂಗಸಿನ ಪದ್ಯದಿಂದ ಕೊನೆವರೆಗೂ. ಅವರು ನಿನ್ನೆ ನಿಮ್ಮ ಈ ಪ್ರತಿ ನೋಡಿದ್ರು."

ಅವರು ಓದಿದರು. ಹಾಳೆ ತಿರುವಿ ಹಿಂದಿನದನ್ನು ಓದಿದರು. ಅದರ ಹಿಂದಿನದನ್ನು. ಪ್ರತಿ ಮೂಲೆಯಲ್ಲೂ ತಮ್ಮದೇ ಟಿಕ್ಕು. ಸ್ಟೂಲಿನ ಮೇಲಿದ್ದ ಅಕ್ಕನ ಪ್ರತಿಯನ್ನು ಎತ್ತಿ ಪಕ್ಕಕ್ಕಿಟ್ಟು ಕೂತರು. ಬೀದಿಯಲ್ಲಿ ಯಾರೋ ಸ್ಕೂಟರಿನ ಹಾರ್ನ್ ಹೊಡೆಯುತ್ತಲೇ ಇದ್ದರು. ಚಿಕ್ಕಮ್ಮನಿಗೆ ಗಿರಾಕಿ ಬಂದು ಹೋದರು, ಇನ್ನೊಬ್ಬರು ಬಂದರು. ಮೇಷ್ಟ್ರು ಕೂತೇ ಇದ್ದರು. ನಾನು ಅಳಿಸುವುದನ್ನು ಮುಂದುವರಿಸಲೋ ಬೇಡವೋ ತಿಳಿಯದೆ ಮೌಸಿನ ಮೇಲೆ ಕೈ ಇಟ್ಟುಕೊಂಡೇ ಇದ್ದೆ.

ಬಹಳ ಹೊತ್ತಾದ ಮೇಲೆ, "ಅಪ್ಪ ಇದನ್ನೆಲ್ಲ ನನಗೆ ಹೇಳಲೇ ಇಲ್ಲ" ಎಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ.

ಎದ್ದು ಬಾಗಿಲ ತನಕ ಹೋಗಿ ತಿರುಗಿದರು. "ಅಳಿಸಿದ್ದು ವಾಪಸ್ಸು ಬರುತ್ತಾ ಮಗು?"

"ಬರುತ್ತೆ ಸಾರ್." ಕೆಲವು ಹಿಂದಕ್ಕೆ ತರಬಹುದಾಗಿತ್ತು, ಉಳಿದದ್ದನ್ನು ಅಕ್ಕನ ಪ್ರತಿ ನೋಡಿ ಮತ್ತೆ ಹೊಡೆಯಬೇಕಾಗಿತ್ತು. ಅದನ್ನು ಅವರಿಗೆ ವಿವರಿಸುವ ಶಕ್ತಿ ನನ್ನಲ್ಲಿರಲಿಲ್ಲ.

"ತಂದಿಡು. ನಾನು ಅವಳನ್ನ ಕರ್ಕೊಂಡು ಬರ್ತೀನಿ." ನಿಂತರು. "ಬಂದ್ರೆ."

ಅವರು ಹೋದ ಮೇಲೆ ನಾನು ಚಿಕ್ಕಮ್ಮನ ಕಡೆ ತಿರುಗಿದೆ. "ಚಿಕ್ಕಮ್ಮ, ಮತ್ತೆ ಎಂಟರ್ ಒತ್ತೋಕೆ ನನ್ನ ಕೈಲಾಗಲ್ಲ. ಈ ಸಲ ಪುಟ ಮುರಿದೇ ಮಾಡ್ತೀನಿ."

ಚಿಕ್ಕಮ್ಮ ಕಾಗದದ ಕಟ್ಟು ಹಿಡಿದುಕೊಂಡು ನನ್ನನ್ನೇ ನೋಡಿದಳು. "ಮಾತಾಡ್ತೀಯಲ್ಲೇ" ಎಂದಳು. "ಮಾಡ್ಕೋ. ಕೆಟ್ಟರೆ ನನ್ನ ಕರೀಬೇಡ."

ಅಕ್ಕ ಎರಡು ದಿನ ಬರಲಿಲ್ಲ. ಅಷ್ಟರಲ್ಲಿ ನಾನು ಪುಸ್ತಕವನ್ನು ಬುಡದಿಂದ ಕಟ್ಟಿದೆ. ಪ್ರತಿ ಪುಟದ ಕೊನೆಗೂ ಒಂದು ಮುರಿತ. ಪ್ರಕಾಶಕರ ಲೆಕ್ಕಕ್ಕೆ ಹೊಂದುವಂತೆ ಅಕ್ಷರ ಸಣ್ಣದು ಮಾಡಿ ಎಡಕ್ಕೆ ಎರಡು ಪದ್ಯ, ಎರಡರ ಅರ್ಥ. ಬಲಕ್ಕೆ ಎರಡರ ಟಿಪ್ಪಣಿ. ಹೀಗಾದರೆ ಪುಸ್ತಕ ಹಿಡಿಯುತ್ತದೆ. ಆದರೆ ಟಿಪ್ಪಣಿ ಬಹಳ ಕಡೆ ಇನ್ನೂ ಹೆಚ್ಚಾಗಿತ್ತು, ಕತ್ತರಿಸಲೇಬೇಕು. ಯಾವುದನ್ನು ಕತ್ತರಿಸುವುದು ಎಂದು ಹೇಳಬೇಕಾದವರು ಮನೆಯ ಕೆಳಮಹಡಿಯಲ್ಲಿ ಬಾಗಿಲು ಹಾಕಿಕೊಂಡಿದ್ದರು.

ಕೊನೆಗೆ ಇಬ್ಬರೂ ಬಂದರು. ಅಕ್ಕ ಮುಂದೆ, ಮೇಷ್ಟ್ರು ಹಿಂದೆ. ಅಕ್ಕನ ಮುಖದಲ್ಲಿ ರಾಜಿಯಾದ ಗುರುತು ಏನೂ ಇರಲಿಲ್ಲ.

"ಇವನು ಬಾಗಿಲು ಬಡಿದೂ ಬಡಿದೂ ನನಗೆ ನಿದ್ದೆ ಇಲ್ಲ" ಎಂದರು, ನನಗೆ. "ಓದಿದೆ ಓದಿದೆ ಅಂತಾನೆ. ಸಿಕ್ಕಿಬಿದ್ದ ಕಳ್ಳ ವಾಪಸ್ಸು ಕೊಡ್ತೀನಿ ಅಂದ ಹಾಗೆ."

"ಈಗ ಓದಿದೀನಲ್ಲಕ್ಕ."

"ಓದಿದ್ರೆ ಹೇಳು, ಏನು ತಪ್ಪಿದೆ ಅದರಲ್ಲಿ?"

"ಹುಟ್ಟು ಹಾಕೋ ಪದ್ಯದಲ್ಲಿ ನೀನು ಬರೆದಿರೋದು ನಾನು ಒಪ್ಪಲ್ಲ" ಎಂದರು ಮೇಷ್ಟ್ರು. "ಅಲ್ಲಿ ದಡ ಅಂದ್ರೆ ಸಾವಲ್ಲ. ಬರೀ ದಡ. ಅಪ್ಪ ಕಾಯಿಲೆ ಬಿದ್ದ ಮೇಲೆ ಹಾಗೆ ಹೇಳಿರಬಹುದು. ಪದ್ಯ ಹೇಳಲ್ಲ."

ಚಿಕ್ಕಮ್ಮ ಎಲ್ಲಿ ಮತ್ತೆ ಶುರುವಾಯಿತೋ ಎಂಬಂತೆ ಹಣೆ ಮುಟ್ಟಿಕೊಂಡಳು. ಆದರೆ ಅಕ್ಕ ಸ್ಟೂಲನ್ನು ನನ್ನ ಪಕ್ಕಕ್ಕೆ ಎಳೆದು ಕೂತರು. ಭುಜ ಇಳಿದಿತ್ತು. "ನಿನಗೆ ಬರೀ ದಡ. ಮಂಚದ ಪಕ್ಕ ಕೂತವಳಿಗೆ ಬೇರೆ" ಎಂದರು. "ಸರಿ. ಜಗಳಕ್ಕೆ ಬಂದೆಯಲ್ಲ, ಅಷ್ಟು ಸಾಕು. ಹೇಳು ಮಗು, ಎಷ್ಟು ಕತ್ತರಿಸಬೇಕು?"

ಕತ್ತರಿಸುವ ಕೆಲಸ ಶುರುವಾಯಿತು. ಇದು ಎಂಟರ್ ಒತ್ತುವುದಕ್ಕಿಂತ ಆಯಾಸದ್ದು. ಮೇಷ್ಟ್ರು ನಿಂತುಕೊಂಡು ಗಟ್ಟಿಯಾಗಿ ಓದುವುದು, ಅಕ್ಕ ಕಣ್ಣು ಮುಚ್ಚಿ ಕೇಳುವುದು, "ಅದು ತೆಗಿ" ಎಂದಾಗ ನಾನು ತೆಗೆಯುವುದು. ಪುಟದ ಬುಡಕ್ಕೆ ಹೊಂದಿದರೆ ಮುಂದಕ್ಕೆ. ಹೊಂದದಿದ್ದರೆ ಮತ್ತೆ ಓದು. ಅಕ್ಕ ಎಲ್ಲವನ್ನೂ ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ, ಬಿಟ್ಟಾಗ ಏನೋ ಕಳಚಿ ಕೊಟ್ಟಂತೆ ಕೈ ಅಲ್ಲಾಡಿಸುತ್ತಿದ್ದರು. ಡಾಂಬರಿನ ವಿವರ ಅರ್ಧ ಹೋಯಿತು. ಕುರಿಗಳು ಪೂರ್ತಿ ಹೋದವು. ಮೇಷ್ಟ್ರ ಧ್ವನಿ ಒಡೆಯತೊಡಗಿತು. ಚಿಕ್ಕಮ್ಮ ಮೂವರಿಗೂ ನೀರು ತಂದಿಟ್ಟಳು.

ನಡುವೆ ಬಿಟ್ಟು ಮುಂದೆ ಹೋಗಿದ್ದ ಕಾಯುವ ಹೆಂಗಸಿನ ಪುಟಕ್ಕೆ ವಾಪಸ್ಸು ಬಂದೆವು. ಗಂಡ ದೋಣಿಯಲ್ಲಿ ಹೊರಟುಹೋದ ಮೇಲೆ ದಡದಲ್ಲಿ ನಿಂತವಳ ಪದ್ಯ. ಟಿಪ್ಪಣಿ ಎಷ್ಟು ಕತ್ತರಿಸಿದರೂ ಕೊನೆಗೆ ಕೆಲವು ಸಾಲು ಪುಟದ ಹೊರಗೆ ಉಳಿದವು. ಮೇಷ್ಟ್ರು ಓದಿದರು: "ಇವಳು ಅಳುತ್ತಿಲ್ಲ. ಕಾಯುವವರಿಗೆ ಅಳುವಷ್ಟು ಬಿಡುವಿರುವುದಿಲ್ಲ. ನೀರು ಬಿಸಿ ಮಾಡಬೇಕು, ಹಾಸಿಗೆ ಬದಲಿಸಬೇಕು, ಕಿವಿ ಬಾಗಿಲ ಕಡೆ ಇರಬೇಕು." ಓದಿ ನಿಲ್ಲಿಸಿದರು.

"ಅದನ್ನೂ ತೆಗಿ" ಎಂದರು ಅಕ್ಕ, ಕಣ್ಣು ತೆರೆಯದೆ. "ಪದ್ಯದಲ್ಲಿ ಹಾಸಿಗೆ ಇಲ್ಲ. ನೀನು ಹೇಳೋ ಹಾಗೆ."

ನಾನು ಆ ಸಾಲುಗಳನ್ನು ಗುರುತು ಮಾಡಿದೆ.

"ಇರು ಮಗು." ಮೇಷ್ಟ್ರು ನನ್ನ ಭುಜದ ಮೇಲಿಂದ ಬಗ್ಗಿ ಎಡಗಡೆಯ ಪುಟ ನೋಡಿದರು. ಅದೂ ತುಂಬಿತ್ತು. ಅವರು ಫೋನಿನಲ್ಲಿ ಸೇರಿಸಿದ ವಾಕ್ಯ ಅಲ್ಲೇ ಇತ್ತು. "ಇಲ್ಲಿ ನಾನು ಒಂದು ವಾಕ್ಯ ಸೇರಿಸಿದ್ದೆನಲ್ಲ, ಅದನ್ನ ತೆಗಿ. ಇದರ ಮೇಲಿನದೂ ತೆಗಿ, ಅದಿಲ್ಲದಿದ್ರೂ ಅರ್ಥ ಆಗುತ್ತೆ. ಎಷ್ಟು ಜಾಗ ಆಯ್ತು?"

"ಅಷ್ಟು ಸಾಲಿಗೆ ಸಾಕು ಸಾರ್. ಆದರೆ ಅದು ಎಡಗಡೆ ಪುಟ."

"ಗೊತ್ತು. ಅವಳದನ್ನ ಇಲ್ಲಿಗೆ ತಗೊಂಬಾ. ನನ್ನ ಅರ್ಥದ ಕೆಳಗೆ."

ಅಕ್ಕ ಕಣ್ಣು ತೆರೆದರು. "ಓದೋವ್ರಿಗೆ ಯಾರದು ಯಾವುದು ಗೊತ್ತಾಗಲ್ಲ ಕಣೋ."

"ಗೊತ್ತಾಗದಿದ್ರೆ ಗೊತ್ತಾಗದೇ ಇರಲಿ ಬಿಡಕ್ಕ."

ಅಕ್ಕ ನೀರಿನ ಲೋಟ ತೆಗೆದುಕೊಂಡು ಅರ್ಧ ಕುಡಿದು, ಉಳಿದದ್ದನ್ನು ತಮ್ಮನ ಕೈಗೆ ಕೊಟ್ಟರು. ನಾನು ಸಾಲುಗಳನ್ನು ಕತ್ತರಿಸಿ ಎಡಕ್ಕೆ ಅಂಟಿಸಿದೆ. ಮೊದಲು ಓರೆಯಾಗಿ ಕೂತವು, ಅಂಚು ಸರಿಮಾಡಿದೆ. ಮುಂದಿನ ಪುಟ ಒಂದು ಕೂದಲೆಳೆಯೂ ಅಲುಗಲಿಲ್ಲ.

"ಆಯ್ತಾ?" ಎಂದರು ಮೇಷ್ಟ್ರು.

"ಆಯ್ತು."

"ಮುಂದಿನದು ಓದಲಾ ಅಕ್ಕ, ಸಾಕಾ ಇವತ್ತಿಗೆ?"

"ಓದು" ಎಂದರು ಅಕ್ಕ.